ನಂಬಿ ಕೊಟ್ಟ ಓಲೆ

ಮಂಗಳೂರಿನಿಂದ ಮೂಡಲಿಗೆ ಹೊರಟ ಹೆದ್ದಾರಿಯು ಬಿ.ಸಿ. ರೋಡನ್ನೂ ಕಲ್ಲಡ್ಕವನ್ನೂ ದಾಟಿ ಮಾಣಿಯನ್ನು ಸೇರಿದೊಡನೆ ಎರಡು ಕವಲಾಗುತ್ತದೆ. ಎಡದ ಕವಲು ಉಪ್ಪಿನಂಗಡಿಯನ್ನು ಹಾದು, ಶಿರಾಡಿ ಘಟ್ಟವನ್ನೇರಿ, ಸಕಲೇಶಪುರ ಹಾಸನಗಳ ಮಾರ್ಗವಾಗಿ ಬೆಂಗಳೂರಿಗೆ ಹೋಗುತ್ತದೆ. ಬಲದ ಕವಲು ಪುತ್ತೂರು, ಸುಳ್ಯ, ಸಂಪಾಜೆಗಳನ್ನು ಕಂಡು, ಮಡಿಕೇರಿಯ ಮೂಲಕ ಮೈಸೂರಿಗೆ ಇಳಿಯುತ್ತದೆ. ಬಂಟ್ವಾಳ ತಾಲೂಕಿನ ಈ ಪುಟ್ಟ ಪೇಟೆಗೆ ಎರಡು ರಾಜಮಾರ್ಗಗಳ ಹೆಬ್ಬಾಗಿಲೆಂಬ ಹಿರಿಮೆ ದೊರೆತಿರುವುದು ಹೀಗೆ.

ಇಂಥ ಕೂಡುದಾರಿಗಳಲ್ಲಿ ಬಸ್ಸು ನಿಂತಾಗ ಇಳಿಯುವವರೂ ಹತ್ತುವವರೂ ಮಾತ್ರ ಇರುವುದಿಲ್ಲ. ಔಷಧದ ಪೊಟ್ಟಣವನ್ನೋ ಮರೆತುಹೋದ ಕಾಗದಪತ್ರಗಳ ಚೀಲವನ್ನೋ ಹಿಡಿದು ಬಂದವರೊಬ್ಬರು ಕಂಡಕ್ಟರರ ಕೈಗೆ ಕೊಟ್ಟು, “ಪುತ್ತೂರಿನಲ್ಲಿ ಇಳಿಸಿಬಿಡಿ, ನಮ್ಮವರು ಬಂದು ತೆಗೆದುಕೊಳ್ಳುತ್ತಾರೆ” ಎಂದು ಹೇಳಿ ಹಿಂತಿರುಗುವುದುಂಟು. ರಸೀದಿಯಿಲ್ಲ, ಮೊಹರಿಲ್ಲ, ಸಾಕ್ಷಿಯಿಲ್ಲ. ಆ ಕಂಡಕ್ಟರರು ಹಿಂದೆ ಹತ್ತು ಸಲ ತಪ್ಪದೆ ತಲಪಿಸಿದ್ದಾರೆ ಎಂಬ ನೆನಪೊಂದೇ ಆಧಾರ. ಒಮ್ಮೆ ಪೊಟ್ಟಣ ಕಾಣೆಯಾದರೆ ಯಾರೂ ನ್ಯಾಯಾಲಯಕ್ಕೆ ಹೋಗುವುದಿಲ್ಲ. ಮರುದಿನದಿಂದ ಪೊಟ್ಟಣವು ಬೇರೊಂದು ಬಸ್ಸನ್ನು ಹಿಡಿಯುತ್ತದೆ, ಅಷ್ಟೆ. ಲೋಕದ ವಿಜ್ಞಾನಿಗಳು ಕಳೆದ ಕಾಲು ಶತಮಾನದಿಂದ ನಿಸ್ತಂತು ಯಂತ್ರಗಳಿಗೆ ಕಲಿಸಲು ಹೆಣಗುತ್ತಿರುವ ವಿದ್ಯೆಯೂ ಇದೇ ಆಗಿದೆ ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು.

ಆ ವಿದ್ಯೆ ಏಕೆ ಬೇಕೆಂಬುದಕ್ಕೆ ಮಾಣಿಯ ಈ ಎರಡು ಕವಲುಗಳೇ ಉತ್ತರ ಹೇಳುತ್ತವೆ. 2018ರ ಆಗಸ್ಟ್ ತಿಂಗಳಿನ ಮಹಾಮಳೆಯಲ್ಲಿ ಇವೆರಡೂ ಘಟ್ಟದಲ್ಲಿ ಕಡಿದುಹೋದುವು. ಶಿರಾಡಿಯಲ್ಲಿ ಗುಡ್ಡ ಜರಿದು ವಾಹನಸಂಚಾರ ನಿಂತಿತು. ಮಡಿಕೇರಿ ಸಂಪಾಜೆಗಳ ನಡುವೆ ಮದೆನಾಡು, ಜೋಡುಪಾಲ, ಮೊಣ್ಣಂಗೇರಿಗಳ ಸುತ್ತ ಬೆಟ್ಟವೇ ಮಣ್ಣಾಗಿ ಮನೆಗಳ ಮೇಲೆ ಇಳಿದು ಬಂದು, ಜನರು ಉಟ್ಟ ಬಟ್ಟೆಯಲ್ಲಿ ಪರಿಹಾರ ಶಿಬಿರಗಳನ್ನು ಸೇರಬೇಕಾಯಿತು. ಕೊಡಗಿನ ಅನೇಕ ಕಡೆ ವಿದ್ಯುತ್ತೂ ದೂರವಾಣಿಯೂ ನಿಂತುಹೋದುವು. ಮಗನೋ ಮಗಳೋ ಆ ಮಾರ್ಗದಲ್ಲಿದ್ದಾರೆಂದು ತಿಳಿದ ತಾಯಿತಂದೆಯರಿಗೆ ರಸ್ತೆ ಕಡಿದುದಕ್ಕಿಂತಲೂ ಮಾತು ಕಡಿದುದೇ ಹೆಚ್ಚಿನ ಸಂಕಟವಾಗುವುದು ಸಹಜವಲ್ಲವೆ?

ಕೈಯಲ್ಲಿ ಹಿಡಿದ ಮೊಬೈಲ್ ಫೋನು ಸ್ವತಂತ್ರವಾದ ಯಂತ್ರವೆಂದು ತೋರುತ್ತದೆ. ವಾಸ್ತವವಾಗಿ ಅದು ಟವರಿನ ಕೂಸು. ಎದುರುಬದುರು ಅಂಗಡಿಗಳಲ್ಲಿ ಕುಳಿತ ಇಬ್ಬರು ಮಾತನಾಡಿದರೂ ಆ ಮಾತು ರಸ್ತೆಯನ್ನು ನೇರವಾಗಿ ದಾಟುವುದಿಲ್ಲ. ಅದು ಮೊದಲು ಟವರಿಗೆ ಏರಿ, ಅಲ್ಲಿಂದ ಕಂಪೆನಿಯ ಕೇಂದ್ರಕ್ಕೆ ಹೋಗಿ, ಮರಳಿ ಟವರಿಗೆ ಬಂದು, ಎದುರಿನ ಅಂಗಡಿಗೆ ಇಳಿಯುತ್ತದೆ. ಗುಡ್ಡ ಜರಿದು ಕೇಬಲ್ಲು ತುಂಡಾದರೆ, ಅಥವಾ ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಡೀಸೆಲೂ ಮುಗಿದರೆ, ನೂರಾರು ಫೋನುಗಳು ಒಂದರ ಪಕ್ಕದಲ್ಲೊಂದು ಇದ್ದೂ ಮೂಕವಾಗುತ್ತವೆ.

ಹಾಗಾದರೆ ಆ ಫೋನುಗಳು ಟವರಿನ ಹಂಗಿಲ್ಲದೆ ಒಂದು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಸಂದೇಶವನ್ನು ಕೈದಾಟಿಸಲಾರವೆ? ದಾಟಿಸಬಲ್ಲವು. ಪ್ರತಿಯೊಂದರಲ್ಲೂ ವೈ-ಫೈ, ಬ್ಲೂಟೂತ್ ಎಂಬ ಕಿರಿಯ ರೇಡಿಯೋಗಳಿವೆ. ಅವುಗಳ ದನಿ ಕೆಲವೇ ಮಾರುಗಳಿಂದ ಹಿಡಿದು ಬಯಲಿನಲ್ಲಿ ನೂರು ಮೀಟರಿನ ಆಸುಪಾಸಿನವರೆಗೆ ಮಾತ್ರ ಕೇಳಿಸುತ್ತದೆ. ಆದರೆ ಹತ್ತು ಫೋನುಗಳು ಕೈಕೈ ಹಿಡಿದರೆ ಒಂದು ಪೇಟೆಯನ್ನೇ ದಾಟಬಹುದು. ಕೊನೆಯ ಫೋನಿಗೆ ದೂರದ ಟವರೊಂದು ಸಿಕ್ಕಿದರೆ ಅಲ್ಲಿಂದ ಬೆಂಗಳೂರನ್ನೂ ಮುಟ್ಟಬಹುದು. ಯಾರ ಅಪ್ಪಣೆಯೂ ಇಲ್ಲದೆ ಆಗಿಂದಾಗ ಹುಟ್ಟಿ, ಜನರು ಚದುರಿದಂತೆ ತಾನೂ ಚದುರುವ ಇಂಥ ಜಾಲಕ್ಕೆ ‘ಮೊಬೈಲ್ ಆಡ್ ಹಾಕ್ ನೆಟ್‌ವರ್ಕ್’ ಎಂದು ಹೆಸರು. ಕನ್ನಡದಲ್ಲಿ ತತ್ಕಾಲಜಾಲವೆನ್ನಬಹುದು.

ಕಲ್ಪನೆ ಹೊಸದಲ್ಲ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಏಬ್ರಾಮ್‌ಸನ್ನರು ದ್ವೀಪಗಳ ನಡುವಣ ಗಣಕಯಂತ್ರಗಳನ್ನು ತಂತಿಯಿಲ್ಲದೆ ಬೆಸೆದರು. 1973ರಿಂದ ಅಮೆರಿಕದ ರಕ್ಷಣಾ ಇಲಾಖೆಯು ಚಲಿಸುವ ವಾಹನಗಳ ನಡುವೆ ಸಂದೇಶ ದಾಟಿಸುವ ರೇಡಿಯೋ ಜಾಲವನ್ನು ರೂಪಿಸತೊಡಗಿತು. 2010ರ ಜನವರಿಯಲ್ಲಿ ಹೈಟಿ ದೇಶವು ಭೂಕಂಪದಿಂದ ನೆಲಸಮವಾದಾಗ, ಅದನ್ನು ಕಂಡು ಮರುಗಿದ ಆಸ್ಟ್ರೇಲಿಯದ ಪಾಲ್ ಗಾರ್ಡ್‌ನರ್-ಸ್ಟೀಫನ್ ಎಂಬ ಪ್ರಾಧ್ಯಾಪಕರು ಟವರಿಲ್ಲದೆ ಫೋನುಗಳನ್ನು ಜೋಡಿಸುವ ‘ಸರ್ವಲ್’ ಯೋಜನೆಯನ್ನು ಆರಂಭಿಸಿದರು. ಕರ್ನಾಟಕದಲ್ಲಿಯೂ ಇದರ ಹತ್ತಿರದ ನೆಂಟನೊಂದು ಉಂಟು. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬಳಿಯ ದುರ್ಗದಹಳ್ಳಿಯಲ್ಲಿ ಬೆಂಗಳೂರಿನ ‘ಜನಸ್ತು’ ಎಂಬ ಸಂಸ್ಥೆಯು ಊರವರ ಜೊತೆಗೂಡಿ ವೈ-ಫೈ ಜಾಲವೊಂದನ್ನು ಕಟ್ಟಿತು. ಅಲ್ಲಿಯ ಯಂತ್ರಗಳು ನೆಲೆನಿಂತವು, ಅಲೆಯುವುದಿಲ್ಲ. ಜಾಲದ ಒಡೆತನ ಕಂಪೆನಿಯದಲ್ಲ, ಊರಿನದು ಎಂಬುದೇ ಅದರ ವಿಶೇಷ.

ತತ್ಕಾಲಜಾಲದಲ್ಲಿ ಓಲೆಯೊಂದು ದಾರಿ ಕಂಡುಕೊಳ್ಳುವ ಬಗೆ ಸೊಗಸಾಗಿದೆ. ಮಾಣಿಯ ಪೇಟೆಯಲ್ಲಿ ಟವರು ಸತ್ತಿದೆಯೆಂದು ಊಹಿಸೋಣ. ಔಷಧದಂಗಡಿಯವನ ಫೋನು ಪೇಟೆಯ ಇನ್ನೊಂದು ತುದಿಯ ಡಾಕ್ಟರರ ಫೋನನ್ನು ಮುಟ್ಟಬೇಕಾಗಿದೆ. ಅದು ತನ್ನ ದನಿ ತಲಪುವಷ್ಟು ದೂರಕ್ಕೆ, “ಡಾಕ್ಟರರ ದಾರಿ ಬಲ್ಲವರು ಯಾರು?” ಎಂದು ಕೂಗುತ್ತದೆ. ಕೇಳಿದ ಹೋಟೆಲಿನವನ ಫೋನು ಅದೇ ಕೂಗನ್ನು ಮುಂದಕ್ಕೆ ಕೂಗುತ್ತದೆ. ಅದನ್ನು ಕೇಳಿದ ರಿಕ್ಷಾದವನ ಫೋನು ಇನ್ನೂ ಮುಂದಕ್ಕೆ. ಕೂಗು ಡಾಕ್ಟರರನ್ನು ತಲಪಿದೊಡನೆ ಉತ್ತರವು ಬಂದ ಹೆಜ್ಜೆಗಳನ್ನೇ ಹಿಡಿದು ಹಿಂತಿರುಗುತ್ತದೆ. ದಾರಿ ತಿಳಿಯಿತು; ಓಲೆ ಹೊರಟಿತು. ದಾರಿ ಹಳತಾಗಿದೆಯೆ, ಹೊಸತೆ ಎಂದು ತಿಳಿಯಲು ಪ್ರತಿ ಉತ್ತರಕ್ಕೂ ಒಂದು ಕ್ರಮಾಂಕ ಇರುತ್ತದೆ. ಅಂಕಿ ದೊಡ್ಡದಾದಷ್ಟೂ ಸುದ್ದಿ ಹೊಸದು. 2003ರಲ್ಲಿ ಪ್ರಕಟವಾದ ‘ಎ.ಓ.ಡಿ.ವಿ.’ ಎಂಬ ಪ್ರಸಿದ್ಧ ಪದ್ಧತಿಯ ಸಾರಾಂಶ ಇಷ್ಟೇ.

ಈ ಪದ್ಧತಿಯನ್ನು ರಚಿಸಿದವರು ಎಲ್ಲರೂ ಸತ್ಯವಂತರೆಂದು ಮೊದಲಿಗೆ ಎಣಿಸಿದ್ದರು. ಕೇಡು ಹೊಕ್ಕದ್ದು ಆ ಬಾಗಿಲಿನಿಂದಲೇ. ದುಷ್ಟಯಂತ್ರವೊಂದು ಕೂಗನ್ನು ಕೇಳಿದೊಡನೆ, ದಾರಿ ತಿಳಿಯದಿದ್ದರೂ, ಬಹು ದೊಡ್ಡ ಕ್ರಮಾಂಕವನ್ನು ಹಚ್ಚಿ, “ಡಾಕ್ಟರರು ನನ್ನ ಪಕ್ಕದಲ್ಲೇ ಇದ್ದಾರೆ” ಎಂದು ಉತ್ತರ ಕೊಟ್ಟರೆ ಸುತ್ತಲಿನ ಓಲೆಗಳೆಲ್ಲ ಅದರತ್ತ ಹರಿಯುತ್ತವೆ. ಅದು ಎಲ್ಲವನ್ನೂ ನುಂಗಿ ಕುಳಿತುಕೊಳ್ಳುತ್ತದೆ. ಇದನ್ನು ವಿಜ್ಞಾನಿಗಳು ‘ಕಪ್ಪು ಕುಳಿ’ ಎಂದು ಕರೆದಿದ್ದಾರೆ. ಹತ್ತರಲ್ಲಿ ಮೂರನ್ನು ಮಾತ್ರ ನುಂಗಿ ಏಳನ್ನು ತಲಪಿಸುವ ಜಾಣ ಕಳ್ಳನೂ ಉಂಟು. ಅವನನ್ನು ಹಿಡಿಯುವುದು ಇನ್ನೂ ಕಷ್ಟ. ಒಬ್ಬನೇ ಹತ್ತು ಹೆಸರುಗಳನ್ನು ತಳೆದು ಹತ್ತು ಜನರಂತೆ ಸಾಕ್ಷಿ ನುಡಿಯುವುದಕ್ಕೆ ‘ಸಿಬಿಲ್’ ಎಂಬ ಹೆಸರಿದೆ. ಹಲವು ವ್ಯಕ್ತಿತ್ವಗಳು ಒಬ್ಬಳಲ್ಲೇ ತೋರಿದ ಹೆಂಗಸಿನ ಕಥೆಯೆಂದು 1973ರಲ್ಲಿ ಪ್ರಕಟವಾದ ಪುಸ್ತಕದಿಂದ ಬಂದ ಹೆಸರಿದು. ಇವರೆಲ್ಲರಿಗಿಂತ ಸಾಮಾನ್ಯನಾದವನು ಸ್ವಾರ್ಥಿ. ಅವನಿಗೆ ಯಾರ ಮೇಲೂ ದ್ವೇಷವಿಲ್ಲ. ತನ್ನ ಓಲೆಯನ್ನು ಎಲ್ಲರೂ ಹೊರಲಿ, ಇತರರ ಓಲೆಯನ್ನು ಹೊತ್ತು ತನ್ನ ಬ್ಯಾಟರಿ ಸವೆಯದಿರಲಿ ಎಂಬುದಷ್ಟೇ ಅವನ ಎಣಿಕೆ.

ಓಲೆಗೆ ಬೀಗ ಹಾಕಿದರೆ ಸಾಲದೆ ಎಂದು ಕೇಳಬಹುದು. ಗೂಢಲಿಪಿಯ ಬೀಗ ಬೇಕೇ ಬೇಕು. ಅದಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಹಾಂಗ್‌ಕಾಂಗಿನ ನಿದರ್ಶನವಿದೆ. 2019ರ ಚಳವಳಿಯ ಕಾಲದಲ್ಲಿ ಅಲ್ಲಿಯ ಅನೇಕರು ‘ಬ್ರಿಡ್ಜ್‌ಫೈ’ ಎಂಬ, ಬ್ಲೂಟೂತಿನಿಂದ ಫೋನಿನಿಂದ ಫೋನಿಗೆ ಸಂದೇಶ ದಾಟಿಸುವ ವ್ಯವಸ್ಥೆಯನ್ನು ನೆಚ್ಚಿದರು. 2020ರಲ್ಲಿ ಲಂಡನ್ನಿನ ರಾಯಲ್ ಹಾಲೋವೆ ಕಾಲೇಜಿನ ಸಂಶೋಧಕರು ಅದನ್ನು ಬಿಚ್ಚಿ ನೋಡಿದಾಗ, ಬೇರೆಯವರ ಸಂದೇಶಗಳನ್ನು ಓದಬಹುದು, ಯಾರು ಯಾರೊಡನೆ ಮಾತನಾಡುತ್ತಿದ್ದಾರೆಂದು ಕಂಡುಹಿಡಿಯಬಹುದು, ಒಂದೇ ಒಂದು ಕಪಟ ಸಂದೇಶದಿಂದ ಇಡೀ ಜಾಲವನ್ನೇ ಉರುಳಿಸಬಹುದು ಎಂದು ತಿಳಿದುಬಂತು. ಪ್ರಾಣವನ್ನೇ ಒತ್ತೆಯಿಟ್ಟವರು ನಂಬಿದ ಚೀಲಕ್ಕೆ ಬಾಯಿಹಗ್ಗವೇ ಇರಲಿಲ್ಲ!

ಆದರೆ ಬೀಗಕ್ಕೂ ಒಂದು ಮಿತಿಯುಂಟು. ಓಲೆಯನ್ನು ನಡುವೆ ಯಾರೂ ಓದಿಲ್ಲ, ತಿದ್ದಿಲ್ಲ, ಬರೆದವನು ಇಂಥವನೇ ಎಂದು ಬೀಗ ಹೇಳಬಲ್ಲದು. ಹೊರುವವನು ಅದನ್ನು ಹೊತ್ತೇ ತೀರುವಂತೆ ಮಾಡಲಾರದು. ಮುಚ್ಚಿದ ಲಕೋಟೆಯನ್ನೂ ಹೊಳೆಗೆ ಎಸೆಯಬಹುದಷ್ಟೆ! ಟವರಿನ ಜಾಲದಲ್ಲಿ ಕಂಪೆನಿಯೊಂದು ಇದೆ. ಅದರ ಬಳಿ ಹೆಸರು ವಿಳಾಸಗಳಿವೆ. ತಪ್ಪಿದರೆ ಕೇಳಲು ಸ್ಥಳವಿದೆ. ತತ್ಕಾಲಜಾಲದಲ್ಲಿ ಒಡೆಯನೂ ಇಲ್ಲ, ಪೋಲೀಸನೂ ಇಲ್ಲ. ಅಲ್ಲಿ ಉಳಿಯುವುದು ನೆರೆಯವನ ನಡತೆಯೊಂದೇ. ಆದುದರಿಂದ ನಡತೆಯನ್ನು ನೋಡಿ ನಂಬಿಕೆಯನ್ನು ಅಳೆಯುವುದು ಹೇಗೆಂಬ ಪ್ರಶ್ನೆಯನ್ನು ವಿಜ್ಞಾನಿಗಳು ಕೈಗೆತ್ತಿಕೊಳ್ಳಬೇಕಾಯಿತು.

ಮೊದಲ ಉತ್ತರ 2000ದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಬಂತು. ಸೆರ್ಜಿಯೊ ಮಾರ್ತಿ ಮತ್ತು ಅವರ ಸಂಗಡಿಗರು ರೇಡಿಯೋದ ಸ್ವಭಾವವನ್ನೇ ಉಪಯೋಗಿಸಿಕೊಂಡರು. ರೇಡಿಯೋ ದನಿ ಒಬ್ಬನಿಗೆಂದು ಹೊರಟರೂ ಸುತ್ತಲಿನವರಿಗೆಲ್ಲ ಕೇಳಿಸುತ್ತದೆ. ಔಷಧದಂಗಡಿಯ ಫೋನು ಓಲೆಯನ್ನು ಹೋಟೆಲಿನ ಫೋನಿಗೆ ಕೊಟ್ಟ ಬಳಿಕ ಸುಮ್ಮನಿರದೆ ಕಿವಿಯಾನಿಸಿ ನಿಂತರೆ, ಹೋಟೆಲಿನ ಫೋನು ಅದನ್ನು ಮುಂದಕ್ಕೆ ಹೇಳಿತೆ ಇಲ್ಲವೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಹೇಳದಿದ್ದರೆ ಒಂದು ಗೀಟು. ಗೀಟುಗಳು ಮಿತಿ ಮೀರಿದರೆ ಆ ದಾರಿಯನ್ನು ಬಿಟ್ಟು ಬೇರೆ ದಾರಿ. ಈ ಕಿವಿಗೆ ಅವರು ‘ಕಾವಲು ನಾಯಿ’ ಎಂದು ಹೆಸರಿಟ್ಟರು. ಗಣಕಯಂತ್ರದೊಳಗೆ ಕೃತಕವಾಗಿ ಸೃಷ್ಟಿಸಿದ ಜಾಲದಲ್ಲಿ, ನೂರಕ್ಕೆ 40 ಯಂತ್ರಗಳು ವಂಚಿಸುತ್ತಿದ್ದಾಗಲೂ, ಈ ಉಪಾಯದಿಂದ ಸಂದೇಶಗಳ ಸಾಗಣೆ ಶೇಕಡಾ 17ರಷ್ಟು ಹೆಚ್ಚಿತು. ಅದಕ್ಕೆ ತೆತ್ತ ಬೆಲೆಯೂ ಇತ್ತು: ದಾರಿ ಹುಡುಕುವ ಮೇಲುಖರ್ಚಿನ ಮಾತುಕತೆ ಶೇಕಡಾ 9ರಿಂದ 17ಕ್ಕೆ ಏರಿತು. ಎಚ್ಚರವೆಂಬುದು ಪುಕ್ಕಟೆ ದೊರೆಯುವುದಿಲ್ಲವೆಂಬ ಮಾತು ಯಂತ್ರಲೋಕದಲ್ಲಿಯೂ ನಿಜವೇ.

ಕಂಡ ನಡತೆಯನ್ನು ಅಂಕಿಯಾಗಿ ಬರೆಯುವುದಕ್ಕೆ ಒಂದು ಸರಳವಾದ ಲೆಕ್ಕವಿದೆ. 18ನೆಯ ಶತಮಾನದ ಫ್ರೆಂಚ್ ಗಣಿತಜ್ಞ ಲಾಪ್ಲಾಸನ ಒಂದು ಸೂತ್ರಕ್ಕೆ ಇದು ತೀರ ಹತ್ತಿರದ್ದು. 2002ರಲ್ಲಿ ಜೋಸಾಂಗ್ ಮತ್ತು ಇಸ್ಮಾಯಿಲ್ ಎಂಬ ವಿದ್ವಾಂಸರು ಇದನ್ನು ಯಂತ್ರಗಳ ಖ್ಯಾತಿಯ ಎಣಿಕೆಗೆ ಹೊಂದಿಸಿದರು. ತಲಪಿಸಿದ ಓಲೆಗಳ ಸಂಖ್ಯೆಗೆ 1 ಕೂಡಿಸಬೇಕು. ಒಟ್ಟು ಕೊಟ್ಟ ಓಲೆಗಳ ಸಂಖ್ಯೆಗೆ 2 ಕೂಡಿಸಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ಏನೂ ತಿಳಿಯದ ಹೊಸಬನಿಗೆ 2ರಲ್ಲಿ 1, ಎಂದರೆ ಅರ್ಧ ನಂಬಿಕೆ. ಕೊಟ್ಟ 8ನ್ನೂ ತಲಪಿಸಿದವನಿಗೆ 10ರಲ್ಲಿ 9. ಹತ್ತರಲ್ಲಿ 8 ತಲಪಿಸಿದವನಿಗೆ 12ರಲ್ಲಿ 9, ಎಂದರೆ ಮುಕ್ಕಾಲು. ಹತ್ತರಲ್ಲಿ ಎರಡನ್ನೇ ತಲಪಿಸಿದವನಿಗೆ ಕಾಲು. ಹೊಸಬನು ಕಳ್ಳನೂ ಅಲ್ಲ, ಸಾಧುವೂ ಅಲ್ಲ. ಅವನಿಗೆ ಮೊದಲು ಸಣ್ಣ ಓಲೆಯನ್ನು ಕೊಟ್ಟು ನೋಡು ಎಂಬ ಲೋಕನೀತಿಯನ್ನೇ ಈ ಲೆಕ್ಕವು ಅಂಕಿಯಲ್ಲಿ ಹೇಳುತ್ತದೆ. ಪೂರ್ಣ ನಂಬಿಕೆಯಾದ 1 ಎಂಬ ಅಂಕಿಯನ್ನು ಯಾರೂ ಎಂದಿಗೂ ಮುಟ್ಟಲಾರರು ಎಂಬುದನ್ನೂ ಗಮನಿಸಬೇಕು.

ಇಷ್ಟರವರೆಗೆ ಎಲ್ಲವೂ ಸುಗಮ. ಆದರೆ ನಂಬಿಕೆಯ ಲೆಕ್ಕ ಬರೆಯತೊಡಗಿದವರು ಮನುಷ್ಯ ಸಮಾಜದ ಹಳೆಯ ಕಂಟಕಗಳನ್ನೆಲ್ಲ ಒಂದೊಂದಾಗಿ ಎದುರುಗೊಂಡರು.

ಮೊದಲನೆಯದು ತಪ್ಪು ತಿಳಿವಳಿಕೆ. ಹೋಟೆಲಿನ ಫೋನು ಓಲೆಯನ್ನು ಮುಂದೆ ಹೇಳಿದ ಗಳಿಗೆಯಲ್ಲೇ ಬೇರೊಂದು ದನಿ ಅಡ್ಡ ಬಂದರೆ ಕಾವಲು ನಾಯಿಗೆ ಏನೂ ಕೇಳಿಸದು. ನಿರಪರಾಧಿಗೆ ಗೀಟು ಬೀಳುತ್ತದೆ. ಮಳೆಯಲ್ಲಿ, ಜನಸಂದಣಿಯಲ್ಲಿ, ಬ್ಯಾಟರಿ ಕುಗ್ಗಿದಾಗ ಒಳ್ಳೆಯವನೂ ತಪ್ಪುತ್ತಾನೆ. ಇದರ ಮಗ್ಗುಲಲ್ಲೇ ಇನ್ನೊಂದು ಮೋಸವಿದೆ. ಕಪಟಿಯು ತನ್ನ ದನಿಯನ್ನು ತಗ್ಗಿಸಿ, ಹಿಂದಿನವನಿಗೆ ಕೇಳಿಸುವಷ್ಟು, ಮುಂದಿನವನಿಗೆ ಕೇಳಿಸದಷ್ಟು ನುಡಿದರೆ, ಹೇಳಿದಂತೆಯೂ ಆಯಿತು, ತಲಪಿಸದಂತೆಯೂ ಆಯಿತು!

ಎರಡನೆಯದು ಪರರ ಮಾತು. ತನ್ನ ಕಣ್ಣಿನಿಂದ ಕಂಡುದನ್ನು ಮಾತ್ರ ನಂಬಿದರೆ ಕಲಿಯಲು ಬಹಳ ಕಾಲ ಬೇಕು. ಊರಿನ ಮಾತನ್ನು ಕೇಳಿದರೆ ಬೇಗ ತಿಳಿಯುತ್ತದೆ. ಆದರೆ ಊರಿನ ಮಾತಿನಲ್ಲಿ ಚಾಡಿಯೂ ಸೇರಿರುತ್ತದೆ. 2002ರಲ್ಲಿ ಈ ವಿಷಯದಲ್ಲಿ ಎರಡು ಪಂಥಗಳು ತಲೆದೋರಿದುವು. ಸ್ವಿಟ್ಜರ್ಲೆಂಡಿನ ಸೋನ್ಯಾ ಬುಖೆಗ್ಗರ್ ಮತ್ತು ಲೆ ಬುದೆಕ್ ರಚಿಸಿದ ಪದ್ಧತಿಯಲ್ಲಿ ಕೆಡುಕನನ್ನು ಕಂಡ ಯಂತ್ರವು ತನ್ನ ಸ್ನೇಹಿತರಿಗೆ ಎಚ್ಚರಿಕೆಯ ಸುದ್ದಿ ಕಳುಹುತ್ತದೆ. ಫ್ರಾನ್ಸಿನ ಮಿಕಿಯಾರ್ಡಿ ಮತ್ತು ಮೊಲ್ವಾ ರಚಿಸಿದ ಪದ್ಧತಿಯಲ್ಲಿ ಇತರರ ಬಗೆಗೆ ಒಳ್ಳೆಯ ಮಾತನ್ನು ಮಾತ್ರ ಹರಡಬಹುದು. ಕೆಟ್ಟ ಮಾತಿಗೆ ಅವಕಾಶವೇ ಇಲ್ಲ, ಆದುದರಿಂದ ಚಾಡಿಯೂ ಇಲ್ಲ. ಮೊದಲನೆಯದರಲ್ಲಿ ಒಬ್ಬ ನೀಚನು ಸಜ್ಜನನ ಹೆಸರು ಕೆಡಿಸಬಲ್ಲನು. ಎರಡನೆಯದರಲ್ಲಿ ಇಬ್ಬರು ನೀಚರು ಒಬ್ಬರನ್ನೊಬ್ಬರು ಹೊಗಳಿಕೊಂಡು ದೊಡ್ಡವರಾಗಬಲ್ಲರು. ಇವೆರಡರಲ್ಲಿ ಯಾವುದು ಮೇಲೆಂದು ಹೇಳುವುದು ಮನುಷ್ಯರ ಬೀದಿಯಲ್ಲಿಯೂ ಕಷ್ಟವೇ. ಹೇಳಿದವನ ಮೇಲೆ ಎಷ್ಟು ನಂಬಿಕೆಯೋ ಅವನ ಮಾತಿಗೂ ಅಷ್ಟೇ ತೂಕ ಎಂಬುದು ಮುಂದೆ ಅನೇಕರು ಹಿಡಿದ ನಡುದಾರಿ.

ಮೂರನೆಯದು ದಂಡನೆ. ಸ್ಟ್ಯಾನ್‌ಫರ್ಡಿನ ಪದ್ಧತಿಯಲ್ಲಿ ಒಂದು ವಿಚಿತ್ರವಿತ್ತು. ಓಲೆ ಹೊರದ ಸ್ವಾರ್ಥಿಯನ್ನು ದಾರಿಯಿಂದ ಬಿಡಲಾಗುತ್ತಿತ್ತು; ಆದರೆ ಅವನ ಓಲೆಗಳನ್ನು ಉಳಿದವರು ಎಂದಿನಂತೆ ಹೊರುತ್ತಿದ್ದರು. ಹೊರೆ ತಪ್ಪಿತು, ಸವಲತ್ತು ಉಳಿಯಿತು. ಸ್ವಾರ್ಥಿಗೆ ಇದು ಶಿಕ್ಷೆಯೇ ಅಲ್ಲ, ಬಹುಮಾನ. ಅದಕ್ಕಾಗಿ ಮುಂದಿನವರು, ಹೊರದವನ ಓಲೆಯನ್ನು ಯಾರೂ ಹೊರಬಾರದು ಎಂದು ನಿಯಮಿಸಿದರು. ನ್ಯಾಯವೆಂದು ತೋರುತ್ತದೆ. ಆದರೆ ಗುಡ್ಡ ಜರಿದ ಇರುಳಿನಲ್ಲಿ ಓಲೆ ಹೊರಲಾರದೆ ಸೋತವನು ಯಾರು? ಎಲ್ಲರಿಗಿಂತ ಮೊದಲು ಬ್ಯಾಟರಿ ಮುಗಿದವನು, ಕಣಿವೆಯ ತಳದಲ್ಲಿ ಸಿಕ್ಕಿಬಿದ್ದವನು, ಅಗ್ಗದ ಫೋನಿನ ಬಡವನು. ಯಂತ್ರವು ಅವನಿಗೂ ಸ್ವಾರ್ಥಿಗೂ ಭೇದವನ್ನರಿಯದು. ಎಲ್ಲರಿಗಿಂತ ಹೆಚ್ಚಾಗಿ ನೆರವು ಬೇಕಾದವನ ಕೂಗನ್ನೇ ಜಾಲವು ಕೇಳದಂತಾದರೆ ಆ ಭದ್ರತೆಯಿಂದ ಬಂದ ಭಾಗ್ಯವೇನು?

ಆದುದರಿಂದಲೇ ನಂಬಿಕೆಯ ಲೆಕ್ಕದಲ್ಲಿ ಮರೆವಿಗೂ ಒಂದು ಸ್ಥಾನ ಕೊಡಲಾಗಿದೆ. ಹಳೆಯ ತಪ್ಪಿನ ತೂಕವು ದಿನ ಕಳೆದಂತೆ ಸವೆಯುತ್ತ ಹೋಗುತ್ತದೆ. ನಿನ್ನೆಯ ನಡತೆಗೆ ಹೋದ ವರ್ಷದ ನಡತೆಗಿಂತ ಬೆಲೆ ಹೆಚ್ಚು. ತಪ್ಪಿದವನಿಗೆ ತಿರುಗಿ ಬರಲು ಬಾಗಿಲು ತೆರೆದಿರುತ್ತದೆ. ಮರೆವು ಅತಿಯಾದರೆ ಕಳ್ಳನು ಕೆಲಕಾಲ ಸಾಧುವಾಗಿ ನಟಿಸಿ ಮತ್ತೆ ಕಳ್ಳನಾಗುತ್ತಾನೆ. ಕಡಮೆಯಾದರೆ ಒಂದು ಸಲ ಜಾರಿದವನು ಎಂದೆಂದಿಗೂ ಬಹಿಷ್ಕೃತನಾಗುತ್ತಾನೆ. ಎಷ್ಟು ಮರೆಯಬೇಕೆಂಬ ಅಂಕಿಯನ್ನು ಯಂತ್ರವು ತಾನಾಗಿ ಕಂಡುಕೊಳ್ಳುವುದಿಲ್ಲ. ಅದನ್ನು ಇಡುವವನು ಮನುಷ್ಯನೇ. ಹಾಗೆಯೇ, ಆಪತ್ತಿನ ಕೂಗನ್ನು ಯಾರದೆಂದು ಕೇಳದೆ ಎಲ್ಲರೂ ಹೊರಬೇಕು, ಹರಟೆಯ ಓಲೆಗೆ ಮಾತ್ರ ಲೆಕ್ಕ ಹಿಡಿಯಬೇಕು ಎಂದು ವಿಧಿಸುವುದೂ ಮನುಷ್ಯನ ಕೈಯಲ್ಲೇ ಇದೆ. ಗಣಿತವು ವಿಧಿಸಿದುದನ್ನು ನಡಸಿಕೊಡುತ್ತದೆ. ಏನನ್ನು ವಿಧಿಸಬೇಕೆಂದು ಹೇಳಿಕೊಡುವುದಿಲ್ಲ.

ಇಂಥ ಜಾಲವು ಪ್ರತಿ ಮನೆಯ ಫೋನಿನಲ್ಲಿ ಇಂದೂ ಸಿದ್ಧವಾಗಿ ಕುಳಿತಿಲ್ಲ. ಸೈನ್ಯಗಳಲ್ಲಿ, ಕೆಲವು ಊರುಗಳ ಸ್ವಂತ ಜಾಲಗಳಲ್ಲಿ, ಪ್ರಯೋಗಶಾಲೆಗಳಲ್ಲಿ ಅದು ಬೆಳೆಯುತ್ತಿದೆ. ಘಟ್ಟದ ಮಳೆ ಮಾತ್ರ ಯಾವ ಸಂಶೋಧನೆಗೂ ಕಾಯುವುದಿಲ್ಲ. ಮುಂದೊಂದು ಇರುಳು ರಸ್ತೆಯೂ ಟವರೂ ಒಟ್ಟಿಗೆ ಕಡಿದಾಗ, ಒಬ್ಬ ತಾಯಿಯ ಕಾತರದ ಪ್ರಶ್ನೆಯೂ ಮಗನ ಉತ್ತರವೂ ಹೆಸರರಿಯದ ಹತ್ತಾರು ಜನರ ಜೇಬುಗಳನ್ನು ಹಾದು ಹೋಗಬೇಕಾದೀತು. ಆ ಹೊತ್ತಿನಲ್ಲಿ ಓಲೆಗೆ ಹಾಕಿದ ಬೀಗವು ಗುಟ್ಟನ್ನು ಕಾಯುವುದು. ಓಲೆಯನ್ನು ತಲಪಿಸುವುದು, ಇನ್ನೊಬ್ಬರದೆಂದು ತಿಳಿದೂ ಅದನ್ನು ಹೊರಲು ಒಪ್ಪಿ, ತನ್ನ ಬ್ಯಾಟರಿಯ ಒಂದು ಹನಿಯನ್ನು ತೆತ್ತವನ ಸೌಜನ್ಯ. ಅಂಥವನನ್ನು ಗುರುತಿಸಲು ಯಂತ್ರಕ್ಕೆ ಕಲಿಸಬಹುದು. ಅಂಥವನಾಗುವುದನ್ನು ಮನುಷ್ಯನು ತಾನೇ ಕಲಿಯಬೇಕು.